ಹಬ್ಬದ ವೆಚ್ಚವೂ ಮನೆಯ ನೆಮ್ಮದಿಯೂ

ಶ್ರಾವಣ ಮಾಸವು ಸಮೀಪಿಸಿತೆಂದರೆ ನಮ್ಮ ನಾಡಿನ ಗೃಹಸ್ಥರ ಮನೆಗಳಲ್ಲಿ ಸಂತೋಷವೂ ಚಿಂತೆಯೂ ಒಂದೇ ಬಾಗಿಲಿನಿಂದ ಒಳಹೊಗುತ್ತವೆ. ವರಮಹಾಲಕ್ಷ್ಮೀ ವ್ರತ ಮೊದಲ್ಗೊಂಡು ಸ್ವರ್ಣಗೌರಿ, ಗಣೇಶನ ಚೌತಿ, ಪಿತೃಪಕ್ಷ, ನವರಾತ್ರಿ, ಆಯುಧಪೂಜೆ, ನರಕಚತುರ್ದಶಿ, ಬಲಿಪಾಡ್ಯಮಿಗಳವರೆಗೆ ಗೃಹಿಣಿಗೆ ಉಸಿರಾಡಲು ಎಡೆಯಿಲ್ಲ. ಗೃಹಸ್ಥನ ಕೈಚೀಲಕ್ಕೆ ಬಿಡುವಿಲ್ಲ. ವಿಶ್ವಾವಸು ಸಂವತ್ಸರದಲ್ಲಿ, ಎಂದರೆ 2025ರಲ್ಲಿ, ವರಮಹಾಲಕ್ಷ್ಮೀ ವ್ರತವು ಆಗಸ್ಟ್ 8ನೆಯ ತಾರೀಖಿಗೂ ಬಲಿಪಾಡ್ಯಮಿಯು ಅಕ್ಟೋಬರ್ 22ಕ್ಕೂ ಬಿದ್ದವು. ನಡುವೆ 75 ದಿವಸಗಳು. ಈ ಎರಡೂವರೆ ತಿಂಗಳಲ್ಲಿ ಆಗುವ ವೆಚ್ಚವೂ ಆಯಾಸವೂ ವರ್ಷದ ಉಳಿದ ಭಾಗವನ್ನೆಲ್ಲ ಹಿಡಿದು ಜಗ್ಗುವುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡವರು.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾವು ಆಗ ಇನ್ನೂ ಪಾಠಶಾಲೆಯ ಉಪಾಧ್ಯಾಯವೃತ್ತಿಯಲ್ಲಿದ್ದೆವು. ಇಬ್ಬರು ತಂಗಿಯರಿಗೆ ಗೌರಿಯ ಬಾಗಿನ ಕಳುಹಿಸಬೇಕು. ತೌರುಮನೆಯ ಮರ್ಯಾದೆಯ ಪ್ರಶ್ನೆ. ಮನೆಯಲ್ಲಿ ಹಣವಿಲ್ಲ. ನಮ್ಮ ಮನೆಯಾಕೆ ಮಾತನಾಡದೆ ತನ್ನ ಎರಡು ಬಳೆಗಳನ್ನು ಬಿಚ್ಚಿಕೊಟ್ಟಳು. ಅವನ್ನು ಒತ್ತೆಯಿಟ್ಟು ಹಬ್ಬ ಮಾಡಿದೆವು. ಆಕೆಯಾದರೋ ಮೂರು ರಾತ್ರಿ ನಿದ್ದೆಗೆಟ್ಟು ನಾಲ್ಕು ಮನೆಗಾಗುವಷ್ಟು ಚಕ್ಕುಲಿ, ಕೋಡುಬಳೆ, ಕರಿಗಡುಬುಗಳನ್ನು ಕರಿದಿದ್ದಳು. ಗೌರಿಯ ದಿನ ಬೆಳಗಿನ ಜಾವ ಒಲೆಯ ಮುಂದೆಯೇ ಕಣ್ಣು ಕತ್ತಲೆಗಟ್ಟಿ ಕುಸಿದಳು. ಬಾಣಲೆಯು ವಾಲಿ ಕಾದ ಎಣ್ಣೆಯು ಮುಂಗೈಯ ಮೇಲೆ ಬಿದ್ದಿತು. ಆ ಸಲದ ಗೌರೀಪೂಜೆಯನ್ನು ಪಕ್ಕದ ಮನೆಯ ಮುತ್ತೈದೆಯೊಬ್ಬರು ಬಂದು ನಡೆಸಿಕೊಟ್ಟರು. ಬಳೆಗಳನ್ನು ಬಿಡಿಸಿಕೊಳ್ಳಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಕೈಯ ಕಲೆಯು ಇಂದಿಗೂ ಹೋಗಿಲ್ಲ. ಅಂದಿನಿಂದ ಹಬ್ಬದ ವ್ಯವಸ್ಥೆಯ ವಿಷಯದಲ್ಲಿ ನಾವು ಮಾಡಿಕೊಂಡ ಏರ್ಪಾಡುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಮೊದಲು ಹಣದ ಮಾತು. ನಮ್ಮ ಕೃಷ್ಣರಾಜಪುರದ ಮಗ್ಗುಲಿನಲ್ಲಿಯೇ ದೂರವಾಣಿನಗರವಿರುವುದಷ್ಟೆ. 1948ರಲ್ಲಿ ಟೆಲಿಫೋನ್ ಕಾರ್ಖಾನೆಯು ಸ್ಥಾಪಿತವಾದ ಮೇಲೆ ಈ ಸೀಮೆಯಲ್ಲಿ ತಿಂಗಳ ಸಂಬಳವನ್ನು ನಂಬಿದ ಕುಟುಂಬಗಳು ಹೆಚ್ಚಿದವು. 1965ರಲ್ಲಿ ಆದ ಬೋನಸ್ ಕಾಯಿದೆಯು, ವರ್ಷದ ಸಂಬಳದಲ್ಲಿ ನೂರಕ್ಕೆ 8.33ಕ್ಕೆ ಕಡಿಮೆಯಿಲ್ಲದಂತೆ, ಎಂದರೆ ಹನ್ನೆರಡರಲ್ಲಿ ಒಂದು ಪಾಲಿನಂತೆ, ಲೆಕ್ಕದ ವರ್ಷವು ಮುಗಿದ ಎಂಟು ತಿಂಗಳೊಳಗಾಗಿ ಕಾರ್ಮಿಕರಿಗೆ ಹಣ ಕೊಡತಕ್ಕದ್ದೆಂದು ವಿಧಿಸಿತು. ಮಾರ್ಚಿಗೆ ಲೆಕ್ಕ ಮುಗಿದರೆ ನವೆಂಬರು ಕೊನೆಯ ಗಡುವಾಯಿತು. ಆದುದರಿಂದ ಬೋನಸ್ ಹಣವು ಆಯುಧಪೂಜೆಗೋ ದೀಪಾವಳಿಗೋ ಕೈಸೇರುವುದು ವಾಡಿಕೆ. ಆದರೆ ವೆಚ್ಚವು ಆರಂಭವಾಗುವುದು ಶ್ರಾವಣದಲ್ಲಿ! ಹಣ ಬರುವುದು ಆಶ್ವಯುಜದಲ್ಲಿ, ಹೋಗುವುದು ಶ್ರಾವಣ ಭಾದ್ರಪದಗಳಲ್ಲಿ. ಈ ಎರಡು ತಿಂಗಳ ಕಂದಕವನ್ನು ದಾಟಲು ಜನರು ಬಳೆಯನ್ನು ಒತ್ತೆಯಿಡುತ್ತಾರೆ. ಇಲ್ಲವೆ ಈಗಿನವರು ಕ್ರೆಡಿಟ್ ಕಾರ್ಡನ್ನು ಉಜ್ಜುತ್ತಾರೆ. ಆ ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯೋ ಅದಕ್ಕೆ ಮೇಲ್ಪಟ್ಟೋ ಬಡ್ಡಿ ಹಾಕುವುದು ಸಾಮಾನ್ಯ. 10,000 ರೂಪಾಯಿಯನ್ನು ವರ್ಷವಿಡೀ ತೀರಿಸದೆ ಬಿಟ್ಟರೆ ಚಕ್ರಬಡ್ಡಿಯನ್ನು ಬಿಟ್ಟು ಬರಿಯ ಬಡ್ಡಿಯೇ 3,600. ಹಬ್ಬದ ಸೀರೆಯ ಬಣ್ಣ ಮಾಸುವ ಹೊತ್ತಿಗೆ ಮತ್ತೊಂದು ಸೀರೆಯ ಬೆಲೆಯನ್ನು ತೆತ್ತಂತಾಯಿತು.

ಇದಕ್ಕೆ ನಾವು ಕಂಡುಕೊಂಡ ಉಪಾಯವು ಬಲು ಸರಳವಾದದ್ದು. ಬಲಿಪಾಡ್ಯಮಿ ಕಳೆದೊಡನೆ, ಬಂದ ಹಣವು ಇನ್ನೂ ಸ್ವಲ್ಪ ಉಳಿದಿರುವಾಗಲೇ, ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಆವರ್ತ ಠೇವಣಿಯೊಂದನ್ನು ತೆರೆಯತಕ್ಕದ್ದು. ಕಾರ್ತಿಕದಿಂದ ಆಷಾಢದವರೆಗೆ ಒಂಬತ್ತು ತಿಂಗಳು. ತಿಂಗಳಿಗೆ 1,500ರಂತೆ ಕಟ್ಟಿದರೆ ಬಡ್ಡಿಯನ್ನು ಬಿಟ್ಟು 13,500 ರೂಪಾಯಿ ಶ್ರಾವಣದ ಹೊಸ್ತಿಲಲ್ಲಿ ಕೈಗೆ ಬರುತ್ತದೆ. ಅಧಿಕ ಮಾಸ ಬಂದ ವರ್ಷಗಳಲ್ಲಿ ಹಬ್ಬಗಳು ಹಿಂದೆ ಸರಿಯುವುದರಿಂದ ಇನ್ನೊಂದು ಕಂತಿಗೆ ಅವಕಾಶ ದೊರೆಯುವುದು. 2026ರಲ್ಲಿ ಅಧಿಕ ಜ್ಯೇಷ್ಠವಿರುವುದರಿಂದಲೇ ಚೌತಿಯು ಸೆಪ್ಟೆಂಬರ್ 14ಕ್ಕೆ ಬೀಳುತ್ತದೆ. ಅಧಿಕ ಮಾಸದಲ್ಲಿ ಶುಭಕಾರ್ಯವಿಲ್ಲವೆಂದು ಹಿರಿಯರು ಹೇಳುತ್ತಾರೆ. ಹಣವನ್ನು ಕೂಡಿಡುವುದಕ್ಕೆ ಅಡ್ಡಿಯಿದ್ದಂತೆ ಕಾಣೆವು.

ಈ ಪ್ರಸಂಗದಲ್ಲಿ ಹಬ್ಬದ ಚೀಟಿಗಳ ವಿಷಯವಾಗಿ ಎರಡು ಮಾತು ಹೇಳದಿರಲಾಗದು. ತಿಂಗಳಿಗೆ ಇಷ್ಟೆಂದು ಕಟ್ಟಿಸಿಕೊಂಡು ದೀಪಾವಳಿಗೆ ಎಣ್ಣೆ, ಬೇಳೆ, ಮಿಠಾಯಿ, ಪಟಾಕಿ, ಒಂದು ಪಾತ್ರೆ, ಬೆಳ್ಳಿಯ ಕಾಸು ಎಂದೆಲ್ಲ ಕೊಡುವ ಚೀಟಿಗಳು ನಮ್ಮ ಬೀದಿಗಳಲ್ಲಿ ಬಹಳ. ನಾವೂ ಒಂದಕ್ಕೆ ಸೇರಿದ್ದೆವು. ನಾಲ್ಕು ವರ್ಷ ಚೀಟಿಯಾತನು ಚಾಚೂ ತಪ್ಪದೆ ಸಾಮಾನುಗಳನ್ನು ತಂದಿತ್ತನು; ಐದನೆಯ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದುಮುಂದು ಮನೆಗೆ ಬೀಗ ಹಾಕಿಕೊಂಡು ಹೊರಟುಹೋದನು. ನಮ್ಮದು ಅಲ್ಪಮೊತ್ತ. ಮನೆಗೆಲಸ ಮಾಡಿ ಕಟ್ಟಿದ್ದ ಹೆಂಗಸರು ಆ ಬೀಗವನ್ನು ನೋಡುತ್ತ ನಿಂತಿದ್ದುದು ನಮ್ಮ ಕಣ್ಣಿನಿಂದ ಮರೆಯಾಗದು. 1982ರ ಚಿಟ್ ಫಂಡ್ ಕಾಯಿದೆಯಂತೆ ನೋಂದಣಿಯಿಲ್ಲದೆ ಚೀಟಿ ನಡೆಸಕೂಡದು. ಕಟ್ಟಳೆಗೆ ಒಳಪಡದ ಠೇವಣಿ ಯೋಜನೆಗಳನ್ನು 2019ರ ಕಾನೂನು ನಿಷೇಧಿಸಿದೆ. ನೋಂದಣಿಯ ಪತ್ರವನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೇಳಿದೊಡನೆ ಸಿಡುಕುವವನ ಕೈಗೆ ಕಾಸನ್ನೂ ಕೊಡಲಾಗದು.

ಇನ್ನು ಸಾಮಗ್ರಿಯ ಖರೀದಿ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಗುರುತುಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ 25 ಕಿಲೋವರೆಗೆ ನೂರಕ್ಕೆ 5ರಂತೆ ತೆರಿಗೆ ಬಂದಿತು. ಅಂಗಡಿಯವನು ಮೂಟೆಯಿಂದ ಅಳೆದು ತೂಗಿ ಕೊಡುವುದಕ್ಕೆ ಅದಿಲ್ಲ. ಆದುದರಿಂದ ಎರಡು ಮೂರು ಮನೆಯವರು ಕೂಡಿ ಬಿಡಿಯಾಗಿ ತೂಗಿಸಿಕೊಳ್ಳುವುದು ಲಾಭಕರ. ತುಪ್ಪ, ಬೆಣ್ಣೆ, ಬಾದಾಮಿಗಳ ಮೇಲಿನ ತೆರಿಗೆಯು 2025ರ ಸೆಪ್ಟೆಂಬರ್ 22ರಂದು 12ರಿಂದ 5ಕ್ಕೆ ಇಳಿದದ್ದು ಗೃಹಿಣಿಯರಿಗೆ ತಿಳಿದೇ ಇದೆ. ಹೂವಿನ ವಿಷಯದಲ್ಲಿ ಮಾತ್ರ ಯಾವ ಸರಕಾರದ ಕೈಯೂ ನಡೆಯುವಂತಿಲ್ಲ. ವ್ರತದ ಹಿಂದಿನ ದಿನ ಮಲ್ಲಿಗೆ ಕನಕಾಂಬರಗಳ ಬೆಲೆಯನ್ನು ಕೇಳುವುದಕ್ಕೆ ಗಟ್ಟಿಯಾದ ಎದೆ ಬೇಕು. ಸೇವಂತಿಗೆಯು ನಾಲ್ಕು ದಿನ ಬಾಡದಿರುವ ಹೂವು. ಅದನ್ನು ಮೂರು ದಿನ ಮುಂಚಿತವಾಗಿ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಟ್ಟರೆ ಸಾಕು. ಮಲ್ಲಿಗೆಯನ್ನು ದೇವರಿಗೊಂದು ಮೊಳ ಮಾತ್ರ ಕೊಂಡರೆ ದೇವಿಯು ಮುನಿಯಲಾರಳು. ಹೊಸಕೋಟೆ, ಕೋಲಾರಗಳ ಕಡೆಯ ತರಕಾರಿಯೂ ಹೂವೂ ಹಳೆಯ ಮದರಾಸು ರಸ್ತೆಯಲ್ಲಿ ನಮ್ಮೂರನ್ನು ಹಾದೇ ಬೆಂಗಳೂರಿನೊಳಗೆ ಹೋಗುವುದರಿಂದ, ಇಲ್ಲಿನ ಸಂತೆಯಲ್ಲಿಯೇ ಕೊಳ್ಳುವುದು ಯುಕ್ತ. ದೊಡ್ಡ ಮಾರುಕಟ್ಟೆಗೇ ಹೋಗಬೇಕೆಂಬ ಹಟವಿದ್ದರೆ ನಾಲ್ಕು ಮನೆಗೆ ಒಬ್ಬರು ಹೋಗಲಿ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕೊಂಡಿಯು ಕೂಡಿಕೊಂಡ ಮೇಲೆ ಇಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿಯೇ ಇಳಿಯಬಹುದು. ತೂಗುಸೇತುವೆಯ ಕೆಳಗೆ ಗಾಡಿಗಳ ನಡುವೆ ಸಿಕ್ಕಿ ಬಾಳೆಕಂದನ್ನು ಹಿಡಿದು ಕುಳಿತಿರುವ ಶಿಕ್ಷೆಯಾದರೂ ತಪ್ಪುತ್ತದೆ.

ಅಡಿಗೆಮನೆಯ ಆಯಾಸವೇ ಎಲ್ಲಕ್ಕಿಂತ ಹಿರಿದಾದದ್ದು. ನಮ್ಮ ಮನೆಯಲ್ಲಿ ಆ ಅನಾಹುತವಾದ ಮೇಲೆ ತಿಂಡಿಗಳನ್ನು ಬಾಳಿಕೆಯ ಪ್ರಕಾರ ವಿಂಗಡಿಸಿದೆವು. ಚಕ್ಕುಲಿಗೆ ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಹುರಿದ ಉದ್ದಿನಬೇಳೆ. ಅಕ್ಕಿಯನ್ನು ತೊಳೆದು ನೆರಳಿನಲ್ಲಿ ಆರಿಸಿ ಹಬ್ಬಕ್ಕೆ ಹದಿನೈದು ದಿನ ಮೊದಲೇ ಗಿರಣಿಗೆ ಕಳುಹಿಸುತ್ತೇವೆ. ಹಬ್ಬದ ಹಿಂದಿನ ದಿನ ಗಿರಣಿಯ ಮುಂದೆ ಡಬ್ಬಗಳ ಸಾಲನ್ನು ಕಂಡವರಿಗೆ ಇದರ ಸುಖ ತಿಳಿದೀತು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳನ್ನು ವಾರಕ್ಕೆ ಮುಂಚೆ, ಒಂದು ದಿನಕ್ಕೆ ಒಂದೇ ಬಗೆಯಂತೆ, ಹಗಲು ಹೊತ್ತಿನಲ್ಲಿ ಕರಿಯುವುದು. ಪೂರ್ಣವಾಗಿ ಆರುವ ಮೊದಲು ಡಬ್ಬದ ಮುಚ್ಚಳ ಹಾಕಿದರೆ ಮೆತ್ತಗಾಗಿ ಎಲ್ಲ ಶ್ರಮವೂ ವ್ಯರ್ಥ. ಪುಳಿಯೋಗರೆಯ ಗೊಜ್ಜನ್ನು ಆಷಾಢದಲ್ಲಿಯೇ ಕುದಿಸಿಡಬಹುದು. ಹೋಳಿಗೆಯ ಹೂರಣವನ್ನು ಹಿಂದಿನ ಸಂಜೆ ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಬೇಯಿಸುವುದಷ್ಟೇ ಉಳಿಯಿತು. ಹಸಿ ಕಾಯಿಯ ಕಡುಬು ಮಾತ್ರ ಅಂದಿನದು ಅಂದೇ ಆಗಬೇಕು. ಅದನ್ನು ಮೊದಲು ಮಾಡಿಟ್ಟರೆ ಹಳಸುತ್ತದೆ.

ವಾರದ ಹಿಂದೆ ಮಾಡಿದ್ದು ತಂಗಳಲ್ಲವೆ, ನೈವೇದ್ಯಕ್ಕೆ ಬಂದೀತೆ ಎಂದು ನಮ್ಮ ಅತ್ತೆಯವರು ಆಕ್ಷೇಪಿಸಿದ್ದುಂಟು. ಸ್ನೇಹದಲ್ಲಿ ಪಕ್ವವಾದ ಪದಾರ್ಥಕ್ಕೆ ಪರ್ಯುಷಿತದೋಷವಿಲ್ಲವೆಂದು ಧರ್ಮಶಾಸ್ತ್ರಗಳೇ ವಿನಾಯಿತಿ ಕೊಟ್ಟಿರುವುದನ್ನು ವಿನಯದಿಂದ ಅರಿಕೆಮಾಡಿದೆವು. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆ ತುಪ್ಪವೂ ಹೌದು, ಪ್ರೀತಿಯೂ ಹೌದು. ಅತ್ತೆಯವರು ನಕ್ಕು ಒಪ್ಪಿದರು. ಆದರೂ ನೈವೇದ್ಯಕ್ಕೆಂದು ಐದು ಚಕ್ಕುಲಿಯನ್ನು ಅಂದೇ ಕರಿಯಬೇಕೆಂದರು. ಹಾಗೆಯೇ ನಡೆಯುತ್ತಿದೆ. ಐದು ಚಕ್ಕುಲಿಗೆ ಯಾರ ಕಣ್ಣೂ ಕತ್ತಲೆಗಟ್ಟದು.

ಪೂಜೆಯ ಆಡಂಬರದ ಬಗೆಗೂ ಶಾಸ್ತ್ರವು ಗೃಹಸ್ಥನ ಪಕ್ಷದಲ್ಲಿಯೇ ಇದೆ. ಸಂಕಲ್ಪದಲ್ಲಿ ನಾವೆಲ್ಲರೂ ಉಚ್ಚರಿಸುವ ‘ಯಥಾಶಕ್ತಿ’ ಎಂಬ ಪದವು ಅವ್ಯಯೀಭಾವ ಸಮಾಸ. ಶಕ್ತಿಯನ್ನು ಮೀರದೆ ಎಂದು ಅದರ ಅರ್ಥ. ಶಕ್ತಿಯಿದ್ದಷ್ಟನ್ನೂ ಹಿಂಡಿ ಎಂದಲ್ಲ! ವಸ್ತ್ರವಿಲ್ಲದಿದ್ದರೆ ಅಕ್ಷತೆ, ಆಭರಣವಿಲ್ಲದಿದ್ದರೆ ಅಕ್ಷತೆ ಎಂದು ಪೂಜಾವಿಧಿಯಲ್ಲಿಯೇ ಬದಲಿಯನ್ನು ಹೇಳಿಟ್ಟಿರುವಾಗ, ನೆರೆಮನೆಯವರ ಕಲಶಕ್ಕೆ ಉಡಿಸಿದ ಸೀರೆಯ ಅಂಚನ್ನು ನೋಡಿ ನಾವು ಸಾಲ ಮಾಡಬೇಕಾದದ್ದೇನು? ಸ್ವರ್ಣಗೌರಿಯ ದಾರಕ್ಕೆ ಹದಿನಾರು ಗಂಟುಗಳು ಬೇಕು ನಿಜ. ಅದರ ಬೆಲೆ ಒಂದು ನೂಲಿನುಂಡೆಗೂ ಕಡಿಮೆ.

ಪಟಾಕಿಯ ವಿಷಯಕ್ಕೆ ಹೆಚ್ಚು ಬರೆಯಲೊಲ್ಲೆವು. 2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಎರಡೇ ಘಂಟೆಗಳ ಅವಕಾಶವೆಂದಿತು. ಎರಡು ಘಂಟೆಯಲ್ಲಿ ಸುಡಬಹುದಾದಷ್ಟನ್ನೇ ಕೊಂಡರೆ ಉಳಿತಾಯ ತಾನಾಗಿ ಆಗುತ್ತದೆ.

ಬಾಗಿನದ ಸಂಗತಿಯೊಂದು ಉಳಿಯಿತು. ಬಳೆ ಒತ್ತೆಯಿಟ್ಟ ಸಮಾಚಾರವು ಬಹುಕಾಲದ ಮೇಲೆ ಹೇಗೋ ನಮ್ಮ ಕಿರಿಯ ತಂಗಿಗೆ ತಿಳಿಯಿತು. ಮರುವರ್ಷ ಗೌರಿಗೆ ಬಂದವಳು, “ಅಣ್ಣ, ಇನ್ನು ಮೇಲೆ ನನಗೆ ಸೀರೆ ಗೀರೆ ಏನೂ ಬೇಡ. ಮೊರದಲ್ಲಿ ಅರಿಶಿನ ಕುಂಕುಮ, ಹಸಿರು ಬಳೆ, ರವಿಕೆ ಕಣ, ಒಂದು ತೆಂಗಿನಕಾಯಿ ಇಟ್ಟುಕೊಡು. ಅತ್ತಿಗೆ ಒಲೆ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತುಕೊಳ್ಳಲಿ” ಎಂದಳು. ಸೀರೆಯೇ ಮರ್ಯಾದೆಯೆಂದು ಅಷ್ಟು ವರ್ಷ ತಿಳಿದಿದ್ದವರು ನಾವೇ ಹೊರತು ಆಕೆಯಲ್ಲ. ಈಗ ಗೌರಿಯ ದಿನ ಮಂಗಳಾರತಿಯಾಗಿ ಊಟ ಮುಗಿದ ಮೇಲೆ ಪಾತ್ರೆಗಳನ್ನು ನಾವೂ ನಮ್ಮ ಮಗನೂ ತೊಳೆದಿಡುತ್ತೇವೆ. ಅತ್ತಿಗೆ ನಾದಿನಿಯರು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಸಂಜೆಯವರೆಗೂ ಮಾತನಾಡುತ್ತಿರುತ್ತಾರೆ.