ರೂಪಾಯಿಯ ದಿನದ ಬೆಲೆ

ವರ್ತಮಾನಪತ್ರಿಕೆಗಳ ವ್ಯಾಪಾರದ ಪುಟದಲ್ಲಿ, ಚಿನ್ನಬೆಳ್ಳಿಗಳ ಧಾರಣೆಯ ಪಕ್ಕದಲ್ಲಿ, ಒಂದು ಸಣ್ಣ ಸಾಲು ಕಾಣಬರುವುದುಂಟು: ರೂಪಾಯಿ ಡಾಲರಿನ ಎದುರಿಗೆ ಹನ್ನೆರಡು ಪೈಸೆ ಇಳಿಯಿತು, ಅಥವಾ ಏಳು ಪೈಸೆ ಏರಿತು. ಓದುಗರಲ್ಲಿ ಬಹುಮಂದಿ ಇದನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಮಗನನ್ನು ಹೊರದೇಶದ ವಿದ್ಯಾಲಯಕ್ಕೆ ಕಳುಹಿಸಿರುವ ಗೃಹಸ್ಥರು, ಕಾಫಿಯನ್ನು ಹಡಗಿಗೇರಿಸುವ ವರ್ತಕರು, ಯಂತ್ರಗಳನ್ನು ತರಿಸಿಕೊಳ್ಳುವ ಕಾರ್ಖಾನೆಯವರು, ಇವರು ಮಾತ್ರ ಅಲ್ಲಿ ನಿಲ್ಲುತ್ತಾರೆ. ನಿನ್ನೆ ಕೈಯಲ್ಲಿದ್ದ ರೂಪಾಯಿಯೇ ಇಂದೂ ಇರುವಾಗ, ಒಂದು ರಾತ್ರಿ ಕಳೆಯುವಷ್ಟರಲ್ಲಿ ಅದರ ಬೆಲೆ ಬದಲಾಗುವುದೇಕೆ, ಬದಲಾಯಿಸುವವರು ಯಾರು, ಎಂಬುದನ್ನು ಈ ಹೊತ್ತು ಶ್ರೋತೃಗಳೊಡನೆ ವಿಚಾರ ಮಾಡಬೇಕೆಂದು ನಮ್ಮ ಉದ್ದೇಶ.

ಮೊದಲು ಒಂದು ಸಣ್ಣ ತೊಡಕನ್ನು ಬಿಡಿಸಿಕೊಳ್ಳೋಣ. ಒಂದು ಡಾಲರಿಗೆ ಎಷ್ಟು ರೂಪಾಯಿ ಎಂದು ನಾವು ಲೆಕ್ಕ ಹೇಳುವೆವಷ್ಟೆ. ಆದುದರಿಂದ ಅಂಕಿ ದೊಡ್ಡದಾದರೆ ರೂಪಾಯಿ ಚಿಕ್ಕದಾಯಿತೆಂದರ್ಥ. ನಮ್ಮ ಹಿರಿಯರ ಕಾಲದಲ್ಲಿ ಇದು ತಿರುಗುಮುರುಗಾಗಿತ್ತು. ಒಂದು ರೂಪಾಯಿಗೆ ಎಷ್ಟು ಷಿಲಿಂಗು, ಎಷ್ಟು ಪೆನ್ಸು ಎಂದು ಅವರು ಕೇಳುತ್ತಿದ್ದರು. ಆಗ ಅಂಕಿಯೂ ರೂಪಾಯಿಯೂ ಜೊತೆಯಾಗಿಯೇ ಏರುತ್ತಿದ್ದುವು, ಜೊತೆಯಾಗಿಯೇ ಇಳಿಯುತ್ತಿದ್ದುವು.

ಹಿಂದಿನ ಮಾತು ಬಂದುದರಿಂದ, ಬಹಳವಾಗಿ ಹರಡಿರುವ ಒಂದು ತಪ್ಪು ನಂಬಿಕೆಯನ್ನೂ ಇಲ್ಲಿಯೇ ತಿದ್ದಿಬಿಡುವುದು ಮೇಲು. 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರು ಬರುತ್ತಿತ್ತೆಂದು ವಿದ್ಯಾವಂತರೂ ಹೇಳುವುದನ್ನು ನಾವು ಕೇಳಿದ್ದೇವೆ. ಅದು ನಿಜವಲ್ಲ. ಆಗ ರೂಪಾಯಿಯ ಬೆಲೆ 1 ಷಿಲಿಂಗು 6 ಪೆನ್ಸು. ಅಂದರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಪೌಂಡಿಗೆ ನಾಲ್ಕು ಡಾಲರುಗಳಿಗಿಂತ ತುಸು ಹೆಚ್ಚಾಗಿ ಸಲ್ಲುತ್ತಿತ್ತು. ಭಾಗಿಸಿ ನೋಡಿದರೆ ಒಂದು ಡಾಲರಿಗೆ ಸುಮಾರು 3 ರೂಪಾಯಿ 5 ಆಣೆ ಬರುತ್ತದೆ. ಸ್ವಾತಂತ್ರ್ಯ ಬಂದ ದಿನದ ವಿನಿಮಯದ ಲೆಕ್ಕ ಇಷ್ಟೇ.

ಈ ಬೆಲೆಯನ್ನು ಆಗ ಪೇಟೆ ಗೊತ್ತುಮಾಡುತ್ತಿರಲಿಲ್ಲ, ಸರ್ಕಾರ ಗೊತ್ತುಮಾಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಾಯಿ ಬೆಳ್ಳಿಯ ನಾಣ್ಯವಾಗಿದ್ದು, ಲಂಡನ್ನಿನಲ್ಲಿ ಬೆಳ್ಳಿಯ ಧಾರಣೆ ಕುಸಿದಂತೆಲ್ಲ ತಾನೂ ಕುಸಿಯುತ್ತ, 1870ರ ಸುಮಾರಿಗೆ 2 ಷಿಲಿಂಗಿನ ಹತ್ತಿರ ಇದ್ದುದು 1893ರ ವೇಳೆಗೆ 1 ಷಿಲಿಂಗು 3 ಪೆನ್ಸಿನ ಆಸುಪಾಸಿಗೆ ಬಂದಿತ್ತು. ಆ ವರ್ಷ ಟಂಕಸಾಲೆಗಳಲ್ಲಿ ಯಾರು ಬೆಳ್ಳಿ ತಂದರೂ ರೂಪಾಯಿ ಹೊಡೆದುಕೊಡುವ ಪದ್ಧತಿಯನ್ನು ನಿಲ್ಲಿಸಿದರು. ಮುಂದೆ 1927ರಲ್ಲಿ 1 ಷಿಲಿಂಗು 6 ಪೆನ್ಸೆಂದು ಶಾಸನವಾಯಿತು; ಅದು 1 ಷಿಲಿಂಗು 4 ಪೆನ್ಸು ಮಾತ್ರವಿರಬೇಕೆಂದು ಪುರುಷೋತ್ತಮದಾಸ್ ಠಾಕೂರದಾಸರು ಅದಕ್ಕೆ ಮೊದಲೇ ಭಿನ್ನಾಭಿಪ್ರಾಯ ಬರೆದಿದ್ದರು. ಎರಡು ಪೆನ್ಸುಗಳಿಗಾಗಿ ದೇಶದಲ್ಲಿ ದೊಡ್ಡ ಜಗಳವೇ ನಡೆಯಿತು. ರೂಪಾಯಿ ದುಬಾರಿಯಾದರೆ ಹೊರಗಿನ ಬಟ್ಟೆ ಅಗ್ಗವಾಗಿ ಬಂದು ಬೊಂಬಾಯಿಯ ಗಿರಣಿಗಳಿಗೆ ಪೆಟ್ಟು ಬೀಳುವುದೆಂಬುದೂ, ಹತ್ತಿ ಬೆಳೆಯುವ ರೈತನಿಗೆ ಕಡಮೆ ರೂಪಾಯಿ ದೊರೆಯುವುದೆಂಬುದೂ ಆ ಜಗಳದ ತಿರುಳು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನೊಡನೆ ರೂಪಾಯಿಯೂ ಇಳಿದು ಡಾಲರಿಗೆ 4 ರೂಪಾಯಿ 12 ಆಣೆಯಾಯಿತು; 1966ರ ಜೂನ್ 6ರಂದು 7 ರೂಪಾಯಿ 50 ಪೈಸೆಯಾಯಿತು. 1991ರ ಜುಲೈ ಮೊದಲ ವಾರದಲ್ಲಿ ಎರಡು ಮೆಟ್ಟಿಲಾಗಿ ಮತ್ತೆ ಇಳಿಸಿದರು. ಕಡೆಗೆ 1993ರ ಮಾರ್ಚಿಯಿಂದ ಬೆಲೆಯನ್ನು ಗೊತ್ತುಮಾಡುವ ಕೆಲಸ ಪೇಟೆಗೇ ಬಿದ್ದಿತು. ದಿನದಿನವೂ ಪೈಸೆಗಳಲ್ಲಿ ಏರಿಳಿಯುವ ರೂಪಾಯಿಯ ಕಥೆ ಮೊದಲಾಗುವುದು ಅಲ್ಲಿಂದ.

ಆ ಪೇಟೆಯಾದರೂ ಎಲ್ಲಿದೆ? ಮಂಡಿಯಂತೆ ಅದಕ್ಕೊಂದು ಕಟ್ಟಡವಿಲ್ಲ, ಹರಾಜು ಕೂಗುವವನಿಲ್ಲ. ಬ್ಯಾಂಕುಗಳ ವಿನಿಮಯದ ಕೊಠಡಿಗಳಲ್ಲಿ ಗಣಕಯಂತ್ರಗಳ ಮುಂದೆ ಕುಳಿತವರು ಒಬ್ಬರಿಗೊಬ್ಬರು ಎರಡು ಬೆಲೆಗಳನ್ನು ಹೇಳುತ್ತಿರುತ್ತಾರೆ. ಒಂದು ತಾವು ಕೊಳ್ಳುವ ಬೆಲೆ, ಒಂದು ಮಾರುವ ಬೆಲೆ. ನಡುವಿನ ಅಂತರ ಅವರ ಲಾಭ. ಹಣದ ಇಂಥ ಪೇಟೆಗಳನ್ನೆಲ್ಲ ಕೂಡಿಸಿ ನೋಡಿದರೆ, 2025ರ ಏಪ್ರಿಲ್ ತಿಂಗಳಲ್ಲಿ ಪ್ರಪಂಚದಲ್ಲಿ ದಿನವೊಂದಕ್ಕೆ ಸುಮಾರು 9.6 ಲಕ್ಷ ಕೋಟಿ ಡಾಲರುಗಳ ವಹಿವಾಟು ನಡೆಯಿತೆಂದು ಬಾಸೆಲ್ ನಗರದ ಅಂತರರಾಷ್ಟ್ರೀಯ ಇತ್ಯರ್ಥಗಳ ಬ್ಯಾಂಕು ಲೆಕ್ಕಹಾಕಿದೆ. ಹತ್ತು ವ್ಯವಹಾರಗಳಲ್ಲಿ ಸುಮಾರು ಒಂಬತ್ತರ ಒಂದು ಕಡೆಯಲ್ಲಿ ಡಾಲರಿತ್ತು. ಬೊಂಬಾಯಿಯ ಪೇಟೆ ಮುಚ್ಚಿದ ಮೇಲೂ ಸಿಂಗಪೂರ, ಲಂಡನ್ನುಗಳಲ್ಲಿ ರೂಪಾಯಿಯ ಮೇಲೆ ವ್ಯವಹಾರ ನಡೆದೇ ಇರುತ್ತದೆ. ಬೆಳಗ್ಗೆ ನಮ್ಮ ಪೇಟೆ ತೆರೆಯುವಾಗಲೇ ರೂಪಾಯಿ ಬೇರೆ ಮೆಟ್ಟಿಲ ಮೇಲೆ ನಿಂತಿರುವುದಕ್ಕೆ ಇದೇ ಕಾರಣ.

ಡಾಲರನ್ನು ತಂದು ಮಾರುವವರು ಯಾರೆಂದರೆ, ತಂತ್ರಾಂಶವನ್ನೋ ಬಟ್ಟೆಯನ್ನೋ ಔಷಧವನ್ನೋ ಹೊರಗೆ ಮಾರಿದವರು. ಹೊರದೇಶದಲ್ಲಿ ದುಡಿದು ಮನೆಗೆ ಹಣ ಕಳುಹಿಸುವವರು. ಇವರ ಹಣವೇನೂ ಅಲ್ಪವಲ್ಲ, 2022ರಲ್ಲಿ ಅದು 100 ಶತಕೋಟಿ ಡಾಲರನ್ನು ಮೀರಿತು. ನಮ್ಮ ಷೇರುಗಳನ್ನೂ ಸಾಲಪತ್ರಗಳನ್ನೂ ಕೊಳ್ಳಲು ಬರುವ ಹೊರಗಿನ ಹಣವಂತರೂ ಇದೇ ಸಾಲಿಗೆ ಸೇರುತ್ತಾರೆ. ಕೊಳ್ಳುವವರಲ್ಲಿ ಮೊದಲಿಗರು ಎಣ್ಣೆಯ ಕಂಪೆನಿಗಳು. ನಾವು ಬಳಸುವ ಕಚ್ಚಾ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ. ಆಮೇಲೆ ಚಿನ್ನ, ಯಂತ್ರಗಳು, ವಿದ್ಯಾರ್ಥಿಗಳ ಶುಲ್ಕ, ಹಳೆಯ ಸಾಲದ ಬಡ್ಡಿ.

ಸರಕುಗಳ ವ್ಯಾಪಾರವೊಂದೇ ಬೆಲೆಯನ್ನು ಗೊತ್ತುಮಾಡುವುದಾಗಿದ್ದರೆ, ರೂಪಾಯಿ ನಿಧಾನವಾಗಿ ಚಲಿಸುತ್ತಿತ್ತು. ಹಡಗು ಒಂದು ದಿನದಲ್ಲಿ ತುಂಬುವುದಿಲ್ಲ. ಆದರೆ ಷೇರು, ಸಾಲಪತ್ರಗಳಿಗಾಗಿ ಬಂದ ಹಣಕ್ಕೆ ಹಡಗು ಬೇಡ. ಅದು ಬೆಳಗ್ಗೆ ಬಂದು ಸಂಜೆ ಹೋಗಬಲ್ಲುದು. ಅದು ನೋಡುವುದು ಮುಖ್ಯವಾಗಿ ಎರಡನ್ನು: ಎಲ್ಲಿ ಬಡ್ಡಿ ಹೆಚ್ಚು, ಎಲ್ಲಿ ಭಯ ಕಡಮೆ. ಅದೂ ಇಂದಿನ ಬಡ್ಡಿಯನ್ನಲ್ಲ, ನಾಳೆ ಬರಬಹುದೆಂದು ಊಹಿಸಿದ ಬಡ್ಡಿಯನ್ನು. ದಿನದ ಏರಿಳಿತದ ಗುಟ್ಟು ಬಹುಮಟ್ಟಿಗೆ ಇಲ್ಲಿಯೇ ಇರುವುದು. ಒಂದು ವಿಷಯವನ್ನು ಎಲ್ಲರೂ ಮೊದಲೇ ಎದುರುನೋಡುತ್ತಿದ್ದರೆ, ಅದು ನಿಜವಾಗಿ ನಡೆದ ದಿನ ರೂಪಾಯಿ ಅಲುಗದೆ ಇರಬಹುದು. ಎದುರುನೋಡದ ಒಂದು ಮಾತು, ಕೇವಲ ಮಾತು, ಅದನ್ನು ಉರುಳಿಸಬಹುದು.

ಹೀಗೆ ನಡೆದುದೇ 2013ರಲ್ಲಿ. ಆ ವರ್ಷ ಮೇ ತಿಂಗಳ ಮೊದಲಲ್ಲಿ ಡಾಲರಿಗೆ ಸುಮಾರು 54 ರೂಪಾಯಿ ಇತ್ತು. ಅಮೆರಿಕದ ಫೆಡರಲ್ ರಿಸರ್ವ್ ತಿಂಗಳಿಗೆ 85 ಶತಕೋಟಿ ಡಾಲರುಗಳ ಸಾಲಪತ್ರಗಳನ್ನು ಕೊಳ್ಳುತ್ತ ಹೊಸ ಹಣವನ್ನು ಹೊರಬಿಡುತ್ತಿತ್ತು. ತಮ್ಮಲ್ಲಿ ಬಡ್ಡಿಯಿಲ್ಲದ್ದರಿಂದ ಆ ಹಣದಲ್ಲಿ ಒಂದು ಪಾಲು ನಮ್ಮಂಥ ದೇಶಗಳಿಗೆ ಹರಿದುಬಂದಿತ್ತು. ಮೇ 22ರಂದು ಅದರ ಅಧ್ಯಕ್ಷರಾದ ಬೆನ್ ಬರ್ನಾಂಕೆಯವರು, ಮುಂದಿನ ಕೆಲವು ಸಭೆಗಳಲ್ಲಿ ಈ ಕೊಳ್ಳುವಿಕೆಯನ್ನು ತಗ್ಗಿಸಬಹುದೆಂದು ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ನುಡಿದರು. ತಗ್ಗಿಸಲಿಲ್ಲ, ತಗ್ಗಿಸಬಹುದು ಎಂದರು, ಅಷ್ಟೆ. ಹಣ ಹಿಂದಕ್ಕೆ ತಿರುಗಿತು.

ಬ್ರೆಜಿಲ್, ಇಂಡೊನೇಷ್ಯ, ತುರ್ಕಿ, ದಕ್ಷಿಣ ಆಫ್ರಿಕಗಳ ನಾಣ್ಯಗಳೂ ಇಳಿದುವು. ನಮ್ಮ ಮನೆಯಲ್ಲಿಯೂ ಒಂದು ದೌರ್ಬಲ್ಯವಿದ್ದಿತು. 2012–13ರಲ್ಲಿ ಹೊರದೇಶಗಳೊಡನೆ ನಮ್ಮ ಚಾಲ್ತಿ ಲೆಕ್ಕದ ಕೊರತೆ ರಾಷ್ಟ್ರದ ಉತ್ಪತ್ತಿಯಲ್ಲಿ ನೂರಕ್ಕೆ 4.8ರಷ್ಟಾಗಿತ್ತು. ಗಳಿಕೆಗಿಂತ ಖರ್ಚು ಮುಂದಾದ ಮನೆಯ ಮೇಲೆ ಸಾಲಗಾರನ ಕಣ್ಣು ಮೊದಲು ಬೀಳುವುದು ಸಹಜವೇ. ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತುರ್ತು ಸಾಲ ಕೊಡುವ ಬಡ್ಡಿಯನ್ನು ನೂರಕ್ಕೆ 10.25ಕ್ಕೆ ಏರಿಸಿತು. ಆಗಸ್ಟಿನಲ್ಲಿ ಸರ್ಕಾರ ಚಿನ್ನದ ಆಮದು ಸುಂಕವನ್ನು ನೂರಕ್ಕೆ ಹತ್ತು ಮಾಡಿತು. ಇಳಿತ ನಿಲ್ಲಲಿಲ್ಲ. ರೂಪಾಯಿ ಇನ್ನೂ ಇಳಿಯುವುದೆಂಬ ಅಂಜಿಕೆಯಿಂದ, ಎಣ್ಣೆಗೆ ಹಣ ಕೊಡಬೇಕಾದವರು ನಾಳೆ ಬೇಕಾದ ಡಾಲರನ್ನು ಇಂದೇ ಕೊಂಡರು. ರಫ್ತು ಮಾಡಿದವರು ಬಂದ ಡಾಲರನ್ನು ಮಾರದೆ ಹಿಡಿದಿಟ್ಟುಕೊಂಡರು. ಇವರಲ್ಲಿ ಒಬ್ಬರೂ ದೇಶಕ್ಕೆ ಕೇಡು ಬಯಸಿದವರಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಕಾಪಾಡಿಕೊಂಡರು. ಎಲ್ಲರೂ ಕೂಡಿ ಅಂಜಿದ್ದನ್ನೇ ಬರಮಾಡಿಕೊಂಡರು. ಆಗಸ್ಟ್ 28ರಂದು ಡಾಲರು 68 ರೂಪಾಯಿ 80 ಪೈಸೆಯ ಹತ್ತಿರಕ್ಕೆ ಹೋಯಿತು.

ವರ್ಷಕ್ಕೆ 30,000 ಡಾಲರು ಶುಲ್ಕ ಕಟ್ಟಬೇಕಾಗಿದ್ದ ಒಬ್ಬ ತಂದೆಯನ್ನು ಊಹಿಸಿಕೊಳ್ಳೋಣ. ಮೇ ತಿಂಗಳಲ್ಲಿ ಅವರು ಹೊಂದಿಸಿಟ್ಟದ್ದು 16 ಲಕ್ಷದ 20 ಸಾವಿರ ರೂಪಾಯಿ. ಆಗಸ್ಟಿನ ಆ ದಿನ ಬೇಕಾದದ್ದು 20 ಲಕ್ಷದ 64 ಸಾವಿರ. ಬ್ಯಾಂಕು ತನ್ನ ಮಾರುವ ಬೆಲೆಯಲ್ಲಿ ಸೇರಿಸುವುದು ಬೇರೆ. ವಿದ್ಯಾಲಯವು ಶುಲ್ಕವನ್ನು ಒಂದು ಡಾಲರೂ ಏರಿಸಿರಲಿಲ್ಲ. ನಾಲ್ಕೂವರೆ ಲಕ್ಷದಷ್ಟು ಹಣ ನಾಲ್ಕು ತಿಂಗಳೊಳಗೆ ಈ ಸಂಸಾರದ ಮೇಲೆ ಬಿದ್ದಿತು.

ಅದೇ ದಿನ ಸಂಜೆ ರಿಸರ್ವ್ ಬ್ಯಾಂಕು ಒಂದು ಉಪಾಯವನ್ನು ಹೂಡಿತು. ಸರ್ಕಾರದ ಮೂರು ಎಣ್ಣೆಯ ಕಂಪೆನಿಗಳಿಗೆ ಬೇಕಾದ ಡಾಲರನ್ನು ತಾನೇ ಕೊಟ್ಟು, ಮುಂದೆ ಗೊತ್ತಾದ ದಿನ ಹಿಂದಕ್ಕೆ ತೆಗೆದುಕೊಳ್ಳುವುದೆಂದು ಸಾರಿತು. ಇದರಿಂದ ಡಾಲರುಗಳ ಒಟ್ಟು ಬೇಡಿಕೆ ಕಡಮೆಯಾಗಲಿಲ್ಲ, ಮುಂದಕ್ಕೆ ಹೋಯಿತು. ಆದರೂ ಅತ್ಯಂತ ದೊಡ್ಡ ಗಿರಾಕಿಯೊಬ್ಬನು ಬೆಳಗಿನ ಪೇಟೆಯಿಂದ ಎದ್ದುಹೋದಂತಾಯಿತು. ಮರುದಿನವೇ ಡಾಲರು 67 ರೂಪಾಯಿಗಿಂತ ಕೆಳಕ್ಕೆ ಇಳಿಯಿತು. ಸೆಪ್ಟೆಂಬರ್ 4ರಂದು ರಘುರಾಮ ರಾಜನ್ನರು ಗವರ್ನರರಾಗಿ ಬಂದು, ಹೊರದೇಶದಲ್ಲಿರುವ ಭಾರತೀಯರ ಡಾಲರು ಠೇವಣಿಗಳನ್ನು ಸೆಳೆಯುವ ಏರ್ಪಾಡನ್ನು ಪ್ರಕಟಿಸಿದರು. 18ರಂದು ಫೆಡರಲ್ ರಿಸರ್ವ್ ತಾನು ಕೊಳ್ಳುವುದನ್ನು ಸದ್ಯಕ್ಕೆ ತಗ್ಗಿಸುವುದಿಲ್ಲವೆಂದು ಹೇಳಿತು. ಅಕ್ಟೋಬರಿನ ವೇಳೆಗೆ ಡಾಲರು 61–62 ರೂಪಾಯಿಗಳಲ್ಲಿ ನಿಂತಿತು. ಆಗಸ್ಟಿನ ಕೊನೆಯಲ್ಲಿ ಅವಸರದಿಂದ ಕೊಂಡ ತಂದೆಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಇಷ್ಟನ್ನು ಕೇಳಿದವರು, ಹಾಗಾದರೆ ಇದನ್ನು ಮುಂದಾಗಿ ತಿಳಿಯಲಾಗದೆ ಎಂದು ಕೇಳಬಹುದು. 1983ರಲ್ಲಿ ರಿಚರ್ಡ್ ಮೀಸ್, ಕೆನ್ನೆತ್ ರೋಗಾಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು, ಬಡ್ಡಿ, ಹಣದ ಪ್ರಮಾಣ, ವ್ಯಾಪಾರ ಮೊದಲಾದುವನ್ನೆಲ್ಲ ಗಣಿಸಿ ಕಟ್ಟಿದ ಸೂತ್ರಗಳನ್ನು ಪರೀಕ್ಷಿಸಿದರು. ಅವರು ಕಂಡದ್ದೇನೆಂದರೆ, ಒಂದು ವರ್ಷದೊಳಗಿನ ಅವಧಿಗೆ, ನಾಳೆಯ ದರವೂ ಇಂದಿನಂತೆಯೇ ಎಂದು ಹೇಳುವವನನ್ನು ಆ ಸೂತ್ರಗಳು ಮೀರಿಸಲಾರದೆ ಹೋದುವು. ಸಂಜೆಯ ವಾರ್ತೆಗಳಲ್ಲಿ ಪ್ರತಿ ಏರಿಳಿತಕ್ಕೂ ಒಂದೊಂದು ಕಾರಣವನ್ನು ಅಂಟಿಸುವರಲ್ಲ, ಅವುಗಳಲ್ಲಿ ಅನೇಕವು ಕೆಲಸ ಮುಗಿದ ಮೇಲೆ ಹುಡುಕಿದ ಕಾರಣಗಳೆಂದು ನಮ್ಮ ಅಭಿಪ್ರಾಯ. ಅನೇಕ ವರ್ಷಗಳ ಮಾತು ಬೇರೆ. ಎರಡು ದೇಶಗಳಲ್ಲಿ ಯಾವುದರಲ್ಲಿ ಸಾಮಾನುಗಳ ಬೆಲೆ ಬೇಗ ಏರುವುದೋ ಅದರ ನಾಣ್ಯ ದೀರ್ಘಕಾಲದಲ್ಲಿ ಇಳಿಯುತ್ತದೆ. 3 ರೂಪಾಯಿ 5 ಆಣೆಯ ಡಾಲರು 2022ರಲ್ಲಿ 80 ರೂಪಾಯಿಗಳನ್ನು ದಾಟಿದುದಕ್ಕೆ ಇದು ಬಹುಮುಖ್ಯವಾದ ಕಾರಣ. ಇದನ್ನು ಮಾನಾಪಮಾನದ ಪ್ರಶ್ನೆಯಾಗಿ ಮಾಡುವವರೊಡನೆ ನಾವು ಸೇರಲಾರೆವು.

ಮುಂದಾಗಿ ತಿಳಿಯಲಾಗದಿದ್ದರೂ ಮುಂದಾಗಿ ಗೊತ್ತುಮಾಡಿಕೊಳ್ಳುವ ದಾರಿಯುಂಟು. ಮುಂಗಡದ ಒಪ್ಪಂದವೆಂದು ಅದಕ್ಕೆ ಹೆಸರು. ಇಂದು ಡಾಲರಿಗೆ 80 ರೂಪಾಯಿಯೆಂದೂ, ವರ್ಷದ ಬಡ್ಡಿ ನಮ್ಮಲ್ಲಿ ನೂರಕ್ಕೆ 7, ಅಮೆರಿಕದಲ್ಲಿ 4 ಎಂದೂ ಇಟ್ಟುಕೊಳ್ಳೋಣ. ವರ್ಷದ ಮೇಲಿನ ಡಾಲರಿಗೆ ಬ್ಯಾಂಕು ಸುಮಾರು 82 ರೂಪಾಯಿ 31 ಪೈಸೆ ಹೇಳುತ್ತದೆ. ಇದು ಜ್ಯೋತಿಷವಲ್ಲ, ಎರಡು ಬಡ್ಡಿಗಳ ಅಂತರದ ಗಣಿತ. ಡಾಲರು ಬೇಕಾದವನು ಈ ಹೆಚ್ಚಳವನ್ನು ತೆತ್ತು ನಿದ್ರೆ ಮಾಡುತ್ತಾನೆ. ಡಾಲರು ಬರಬೇಕಾದ ರಫ್ತುದಾರನು ಅದನ್ನು ಪಡೆದು ನಿದ್ರೆ ಮಾಡುತ್ತಾನೆ.

ರಫ್ತಿನ ಮಾತಿಗೆ ನಮ್ಮ ಕಾಫಿಯೇ ಒಳ್ಳೆಯ ನಿದರ್ಶನ. ಭಾರತದ ಕಾಫಿಯಲ್ಲಿ ಹೆಚ್ಚು ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಬೆಳೆದುದರಲ್ಲಿ ಹೆಚ್ಚು ಪಾಲು ಹೊರದೇಶಕ್ಕೆ ಹೋಗುತ್ತದೆ. ಅರಾಬಿಕದ ಬೆಲೆ ನ್ಯೂಯಾರ್ಕಿನಲ್ಲಿಯೂ ರೊಬಸ್ಟದ ಬೆಲೆ ಲಂಡನ್ನಿನಲ್ಲಿಯೂ, ಎರಡೂ ಅಮೆರಿಕದ ನಾಣ್ಯದಲ್ಲಿಯೇ ಗೊತ್ತಾಗುತ್ತವೆ. ರೂಪಾಯಿ ಇಳಿದರೆ ತೋಟಗಾರನಿಗೆ ಅಷ್ಟು ಹೆಚ್ಚು ದೊರೆಯಬೇಕೆಂದು ತೋರುವುದು. ಗೊಬ್ಬರಕ್ಕೂ ಡೀಸೆಲ್ಲಿಗೂ ತೆರಬೇಕಾದುದನ್ನು ಕಳೆದ ಮೇಲೂ ಲಾಭವೇ ಉಳಿದೀತೆಂದು ತೋರುವುದು. ಆದರೆ ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಕಾಫಿ ಬೆಳೆಯುವುದು ಬ್ರೆಜಿಲ್ಲು. ಡಾಲರು ಬಲಿತಾಗ ರೂಪಾಯಿಯೊಡನೆ ಬ್ರೆಜಿಲ್ಲಿನ ರಿಯಾಲೂ ಇಳಿಯುವುದು ಸಾಮಾನ್ಯ. ಆಗ ಅಲ್ಲಿಯ ಬೆಳೆಗಾರನು, ಡಾಲರಿನಲ್ಲಿ ಬೆಲೆ ಕಡಮೆಯಾದರೂ ತನ್ನ ನಾಣ್ಯದಲ್ಲಿ ಹೆಚ್ಚೇ ಬರುವುದೆಂದು, ಉಗ್ರಾಣದಿಂದ ಮೂಟೆಗಳನ್ನು ಹೊರಗೆ ತೆಗೆಯುತ್ತಾನೆ. ನ್ಯೂಯಾರ್ಕಿನಲ್ಲಿ ಬೆಲೆ ತಗ್ಗುತ್ತದೆ. ರಿಯಾಲು ರೂಪಾಯಿಗಿಂತ ಹೆಚ್ಚಾಗಿ ಇಳಿದಿದ್ದರಂತೂ, ನಮ್ಮ ತೋಟಗಾರನಿಗೆ ಒಂದು ಕೈಯಿಂದ ಬಂದುದು ಇನ್ನೊಂದು ಕೈಯಿಂದ ಹೋಗುತ್ತದೆ. ಆದುದರಿಂದ ಮೂಡಿಗೆರೆಯ ತೋಟಗಾರರು ಪತ್ರಿಕೆಯ ಆ ಸಣ್ಣ ಸಾಲನ್ನು ನೋಡುವಾಗ, ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಡಾಲರಿಗೆ ರೂಪಾಯಿ ಎಷ್ಟು, ಡಾಲರಿಗೆ ರಿಯಾಲು ಎಷ್ಟು. ಎರಡನೆಯದನ್ನು ನಮ್ಮ ಪತ್ರಿಕೆಗಳು ಅಚ್ಚುಹಾಕುವುದು ಅಪರೂಪ.