ಹೆಬ್ಬೆರಳೋ, ಇಡೀ ಕೈಯೋ?

ಸಿನಿಮಾ ನಾಯಕನ ಪಿಸ್ತೂಲಿನಲ್ಲಿ ಗುಂಡು ಮುಗಿಯುವುದೇ ಅಪರೂಪ. ನಿಜವಾದ ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಕೊನೆಯ ಗುಂಡು ಹಾರಿದೊಡನೆ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿ ಗುಂಡುಗಳನ್ನು ಮೇಲಕ್ಕೆ ನೂಕುತ್ತಿದ್ದ ತಟ್ಟೆ, ನೂಕಲು ಏನೂ ಉಳಿಯದಾಗ, ಪಕ್ಕದ ಪುಟ್ಟ ಲಿವರ್ ಒಂದನ್ನು ಎತ್ತುತ್ತದೆ. ಅದರ ಮೂತಿ ಸ್ಲೈಡಿನ ಅಂಚಿನ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ತುಂಬಿದ ಮ್ಯಾಗಜಿನ್ ಹಾಕಿದ ಮೇಲೆ ಲಿವರನ್ನು ಎತ್ತಿ ಹಿಡಿಯುವವರು ಯಾರೂ ಇಲ್ಲ, ಆದರೂ ಮುಂದೊತ್ತುವ ಸ್ಪ್ರಿಂಗಿನ ಬಿಗಿಗೆ ಅದು ಕಚ್ಚಿಕೊಂಡೇ ಇರುತ್ತದೆ. ಬಿಡಿಸಲು ದಾರಿ ಎರಡು. ಹೆಬ್ಬೆರಳಿನಿಂದ ಲಿವರ್ ಒತ್ತಬಹುದು. ಇಲ್ಲವೇ ಇನ್ನೊಂದು ಕೈಯಿಂದ ಸ್ಲೈಡನ್ನು ಹಿಡಿದು ಇನ್ನೂ ಚೂರು ಹಿಂದಕ್ಕೆಳೆದು ಬಿಟ್ಟುಬಿಡಬಹುದು. ಸ್ಲೈಡ್ ಮುನ್ನುಗ್ಗುವಾಗ ಮ್ಯಾಗಜಿನ್‌ನ ಮೇಲಿನ ಗುಂಡನ್ನು ನಳಿಗೆಯ ಹಿಂಬದಿಯ ಚೇಂಬರಿಗೆ ತಳ್ಳುತ್ತದೆ. ಇಷ್ಟು ಚಿಕ್ಕ ಕೆಲಸದ ಬಗ್ಗೆ ತರಬೇತುದಾರರು ದಶಕಗಳಿಂದ ಜಗಳವಾಡುತ್ತಿದ್ದಾರೆ.

ಕೈಯಿಂದಲೇ ಎಳೆಯಬೇಕು ಎನ್ನುವವರ ಮುಖ್ಯ ವಾದ ನರಗಳದ್ದು. ಪ್ರಾಣಭಯದಲ್ಲಿ ಕೈ ನಡುಗುತ್ತದೆ, ಬೆರಳ ತುದಿಯ ನಾಜೂಕು ಹೋಗುತ್ತದೆ. ಆಗ ಚಿಕ್ಕ ಲಿವರನ್ನು ಹುಡುಕುವುದಕ್ಕಿಂತ ಇಡೀ ಮುಷ್ಟಿಯಿಂದ ಎಳೆಯುವುದೇ ಭದ್ರ ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ. ಆದರೆ ಅದೇ ನಡುಗುವ ಹೆಬ್ಬೆರಳು ಒಂದು ಕ್ಷಣ ಮುಂಚೆ ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಒತ್ತಿದೆ. ಆ ಗುಂಡಿ ಲಿವರಿಗಿಂತ ದೊಡ್ಡದೇನಲ್ಲ. ಮುಂದಿನ ಕ್ಷಣದಲ್ಲಿ ಅದೇ ಕೈಯ ತೋರುಬೆರಳು ಗುರಿ ಕದಲದಂತೆ ಟ್ರಿಗರ್ ಎಳೆಯಬೇಕು, ಅದಕ್ಕಿಂತ ನಾಜೂಕಿನ ಕೆಲಸ ಪಿಸ್ತೂಲಿನಲ್ಲಿ ಇನ್ನೊಂದಿಲ್ಲ. ನಡುವಿನ ಲಿವರಿಗೆ ಮಾತ್ರ ಬೆರಳು ಕೈಕೊಡುತ್ತದೆ ಎಂದರೆ ನಂಬುವುದು ಹೇಗೆ? ಅದು ನಿಲ್ಲಿಸಲು ಇರುವ ಭಾಗ, ಬಿಡಿಸಲು ಅಲ್ಲ ಎಂಬ ಆಕ್ಷೇಪವೂ ಇದೆ. ಗ್ಲಾಕ್ ಕಂಪನಿ ಅದನ್ನು ಸ್ಲೈಡ್ ಸ್ಟಾಪ್ ಲಿವರ್ ಎಂದೇ ಕರೆಯುವುದು ನಿಜ. ಆದರೆ ಸ್ಪರ್ಧೆಗಳಿಗೆಂದು ಅದೇ ಕಂಪನಿ ಮಾಡುವ ಗ್ಲಾಕ್ 34ಕ್ಕೆ ಹೆಬ್ಬೆರಳಿಗೆ ಸುಲಭವಾಗಿ ಸಿಗುವ ಉದ್ದನೆಯ ಲಿವರ್ ಹಾಕಿದ್ದಾರೆ. ಬರೀ ನಿಲ್ಲಿಸುವುದಕ್ಕಾದರೆ ಆ ಉದ್ದ ಏಕೆ ಬೇಕಿತ್ತು?

ಹಾಗಾದರೆ ಹೆಬ್ಬೆರಳೇ ಗೆದ್ದಿತೆ? ವೇಗವೊಂದನ್ನೇ ನೋಡಿದರೆ ಹೌದು: ಮ್ಯಾಗಜಿನ್ ತಳ್ಳಿದ ಕೈ ಮತ್ತೆ ಹಿಡಿಕೆಗೆ ಬರುವಷ್ಟರಲ್ಲಿ ಸ್ಲೈಡ್ ಮುಂದೆ ಹೋಗಿರುತ್ತದೆ. ಆದರೆ ಲಿವರ್ ಎಲ್ಲ ಪಿಸ್ತೂಲಿನಲ್ಲೂ ಒಂದೇ ಜಾಗದಲ್ಲಿಲ್ಲ. 1911ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್‌ನಲ್ಲಿ ಅದು ಎಡಮಗ್ಗುಲಲ್ಲಿ, ಟ್ರಿಗರಿನ ಮೇಲ್ಗಡೆ ಇದೆ; ಗಿಡ್ಡ ಬೆರಳಿನವರು ಹಿಡಿತ ಸಡಿಲಿಸದೆ ಮುಟ್ಟುವುದು ಕಷ್ಟ. ಸಿಗ್ ಪಿ226ರಲ್ಲಿ ಅದು ಎಷ್ಟು ಹಿಂದಿದೆಯೆಂದರೆ, ಹಿಡಿದ ಹೆಬ್ಬೆರಳು ಗೊತ್ತಿಲ್ಲದೆಯೇ ಅದರ ಮೇಲೆ ಕೂತು, ಗುಂಡು ಮುಗಿದಾಗ ಸ್ಲೈಡ್ ನಿಲ್ಲುವುದನ್ನೇ ತಪ್ಪಿಸುತ್ತದೆ. ಜೇಮ್ಸ್ ಬಾಂಡ್‌ನಿಂದ ಹೆಸರಾದ ವಾಲ್ಟರ್ ಪಿಪಿಕೆಯಲ್ಲಂತೂ ಹೊರಗೆ ಲಿವರೇ ಇಲ್ಲ, ಎಳೆಯದೆ ಗತಿಯಿಲ್ಲ. ಎಡಗೈಯವರ ಪಾಡು ಬೇರೆ. ಗ್ಲಾಕ್ 17 ಆಸ್ಟ್ರಿಯಾ ಸೇನೆಗೆ ಸೇರಿದ್ದು 1980ರ ದಶಕದ ಮೊದಲಲ್ಲಿ. ಎರಡೂ ಮಗ್ಗುಲಿಗೆ ಲಿವರ್ ಬಂದದ್ದು 2017ರ ಐದನೇ ತಲೆಮಾರಿನಲ್ಲಿ. ಅಲ್ಲಿಯವರೆಗೆ ಎಡಗೈಯವರು ತೋರುಬೆರಳಿನಿಂದ ಒತ್ತಬೇಕಿತ್ತು, ಇಲ್ಲವೇ ಎಳೆಯಬೇಕಿತ್ತು.

ನನ್ನ ದೃಷ್ಟಿಯಲ್ಲಿ ಜಗಳದ ಬೇರು ನರಗಳಲ್ಲಿಲ್ಲ, ತರಬೇತಿಯ ಲೆಕ್ಕಾಚಾರದಲ್ಲಿದೆ. ನೂರಾರು ಜನರಿಗೆ, ಅದೂ ಬೇರೆ ಬೇರೆ ಮಾದರಿಯ ಪಿಸ್ತೂಲು ಹಿಡಿಯುವವರಿಗೆ, ಕೆಲವೇ ದಿನಗಳಲ್ಲಿ ಕಲಿಸಬೇಕಾದ ಸಂಸ್ಥೆಗೆ ಎಳೆದು ಬಿಡುವ ಕ್ರಮ ಅನುಕೂಲ. ಲಿವರ್ ಎಲ್ಲಿದ್ದರೂ, ಇಲ್ಲದಿದ್ದರೂ ಅದು ನಡೆಯುತ್ತದೆ. ಗುಂಡು ಸಿಕ್ಕಿಹಾಕಿಕೊಂಡಾಗ ಸರಿಪಡಿಸುವುದೂ ಬಹುಮಟ್ಟಿಗೆ ಅದೇ ಚಲನೆಯಿಂದ, ಆದ್ದರಿಂದ ಒಂದು ಅಭ್ಯಾಸಕ್ಕೆ ಎರಡು ಫಲ. ಇದು ಸಾಕಷ್ಟು ಒಳ್ಳೆಯ ಕಾರಣ, ಇದನ್ನೇ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ವರ್ಷಗಟ್ಟಲೆ ಒಂದೇ ಪಿಸ್ತೂಲು ಹಿಡಿದು ಗಡಿಯಾರದೊಂದಿಗೆ ಪೈಪೋಟಿ ಮಾಡುವ ಸ್ಪರ್ಧಿಗೆ ಈ ಯಾವ ಕಾರಣವೂ ಅನ್ವಯಿಸುವುದಿಲ್ಲ. ಅವರ ಬೆರಳಿಗೆ ಲಿವರಿನ ಜಾಗ ಕತ್ತಲಲ್ಲೂ ಗೊತ್ತು.

ಎಳೆದು ಬಿಡುವುದೇನೂ ತಪ್ಪಾಗದ ಕ್ರಮವಲ್ಲ. ಪೂರ್ತಿ ಎಳೆದರೆ ಸ್ಪ್ರಿಂಗಿಗೆ ಚೂರು ಹೆಚ್ಚು ದೂಡುವ ಬಲ ಸಿಗುವುದು ಹೌದು. ಆದರೆ ಹೊಸಬರು ಎಳೆದ ಸ್ಲೈಡನ್ನು ಬಿಡದೆ, ಅದರ ಜೊತೆಗೇ ಕೈಯನ್ನೂ ಮುಂದಕ್ಕೆ ಕಳಿಸಿಕೊಡುತ್ತಾರೆ, ಮೆಲ್ಲಗೆ ಬಿಟ್ಟರೆ ಯಂತ್ರಕ್ಕೆ ಒಳ್ಳೆಯದು ಎಂಬ ಭಾವನೆಯಿಂದ. ಆಗ ಸ್ಪ್ರಿಂಗಿನ ರಭಸ ಅರ್ಧಕ್ಕರ್ಧ ಕೈಯಲ್ಲೇ ಇಂಗಿ, ಸ್ಲೈಡ್ ಕೊನೆಯ ಒಂದೆರಡು ಮಿಲಿಮೀಟರ್ ಬಾಕಿ ಉಳಿಸಿಕೊಂಡು ನಿಲ್ಲಬಹುದು. ಪೂರ್ತಿ ಮುಚ್ಚಿಕೊಳ್ಳದ ಪಿಸ್ತೂಲಿನಿಂದ ಗುಂಡು ಹಾರುವುದಿಲ್ಲ. ಹೆಬ್ಬೆರಳಿನಿಂದ ಬಿಡಿಸಿದಾಗ ಸ್ಲೈಡನ್ನು ಹೀಗೆ ತಡೆಯಲು ಅಲ್ಲಿ ಕೈಯೇ ಇರುವುದಿಲ್ಲ.