ಚುಕ್ಕಿ ಆಟ: ಕಾಗದದಿಂದ ಗಾಜಿನ ಪರದೆಗೆ

ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಚುಕ್ಕಿಗಳ ಸಾಲುಗಳನ್ನಿಟ್ಟು, ಸರದಿಯಂತೆ ಒಂದೊಂದು ಗೆರೆ ಎಳೆಯುತ್ತ ಮನೆ ಕಟ್ಟುವ ಆಟವನ್ನು ಆಡದೆ ಶಾಲೆ ಮುಗಿಸಿದವರು ನಮ್ಮಲ್ಲಿ ವಿರಳ. ನಾಲ್ಕನೆಯ ಗೆರೆ ಎಳೆದು ಚೌಕವನ್ನು ಮುಚ್ಚಿದವರು ಅದರೊಳಗೆ ತಮ್ಮ ಹೆಸರಿನ ಮೊದಲಕ್ಷರ ಬರೆದು, ಕೂಡಲೇ ಇನ್ನೊಂದು ಗೆರೆಯನ್ನೂ ಎಳೆಯಬೇಕು. ಕೊನೆಗೆ ಯಾರ ಅಕ್ಷರ ಹೆಚ್ಚೋ ಅವರದು ಗೆಲುವು. ಖರ್ಚಿಲ್ಲ, ಸದ್ದಿಲ್ಲ; ಮೇಷ್ಟ್ರ ಕಣ್ಣು ತಪ್ಪಿಸಿ ಆಡಲು ಇದಕ್ಕಿಂತ ಅನುಕೂಲವಾದ ಆಟ ಮತ್ತೊಂದಿರಲಿಲ್ಲ.

ಅಂಗಳದ ರಂಗೋಲಿಯ ಚುಕ್ಕಿಗಳನ್ನು ಕಂಡು ಬೆಳೆದ ನಾವು ಇದನ್ನು ನಮ್ಮ ಮನೆಯ ಆಟವೆಂದೇ ಭಾವಿಸುವುದು ಸಹಜ. ಆದರೆ ಇದನ್ನು ಮೊದಲು ಅಚ್ಚಿಗೆ ತಂದವರು ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ. 1889ರಲ್ಲಿ ಅವರು ಇದನ್ನು 'ಪಿಪೊಪಿಪೆಟ್' ಎಂಬ ತಮಾಷೆಯ ಹೆಸರಿನಿಂದ ಪ್ರಕಟಿಸಿದರು. ಮೂರು ಕಡ್ಡಿಗಳ ನಡುವೆ ಬಿಲ್ಲೆಗಳನ್ನು ಸಾಗಿಸುವ 'ಹನೋಯ್ ಗೋಪುರ'ದ ಸಮಸ್ಯೆಯನ್ನು 1883ರಲ್ಲಿ ಲೋಕಕ್ಕೆ ನೀಡಿದವರೂ ಇವರೇ.

ಇಂದು ಈ ಆಟ ಮೊಬೈಲ್ ಫೋನಿಗೆ ಬಂದಿದೆ. ಎರಡು ಚುಕ್ಕಿಗಳ ನಡುವೆ ಬೆರಳಿಟ್ಟರೆ ಗೆರೆ ಮೂಡುತ್ತದೆ. ಚೌಕ ಮುಚ್ಚಿದರೆ ತಾನೇ ಬಣ್ಣ ತುಂಬಿಕೊಳ್ಳುತ್ತದೆ. 'ಈ ಗೆರೆ ನಾನು ಎಳೆದದ್ದಲ್ಲ' ಎಂಬ ಜಗಳಕ್ಕೆ ಆಸ್ಪದವಿಲ್ಲ, ಎಣಿಕೆಯಲ್ಲಿ ತಪ್ಪಿಲ್ಲ. ಇವೆಲ್ಲ ಮೇಲುನೋಟದ ಬದಲಾವಣೆಗಳು. ನಿಜವಾದ ಬದಲಾವಣೆಯೆಂದರೆ ಎದುರಿಗೆ ಕುಳಿತವರು ಬದಲಾಗಿದ್ದಾರೆ. ಜೊತೆಗಾರರು ಇಲ್ಲದಿದ್ದರೂ ಯಂತ್ರವೇ ಎದುರಾಳಿಯಾಗಿ ನಿಲ್ಲುತ್ತದೆ. ಕಠಿಣವಾದ ಹಂತವನ್ನು ಆರಿಸಿಕೊಂಡು ಅದರೊಡನೆ ಆಡಿ ಸೋತ ಮಕ್ಕಳ ದೂರು ಹೆಚ್ಚುಕಡಿಮೆ ಒಂದೇ: "ಅಜ್ಜಾ, ಇದು ಬೇಕಂತಲೇ ನನಗೆ ಎರಡು ಮನೆ ಬಿಟ್ಟುಕೊಡುತ್ತದೆ, ಆಮೇಲೆ ಉಳಿದದ್ದನ್ನೆಲ್ಲ ಬಾಚಿಕೊಳ್ಳುತ್ತದೆ!"

ಮಕ್ಕಳು ಕಂಡದ್ದು ಸರಿಯಾಗಿಯೇ ಇದೆ. ಆಟದ ಮರ್ಮವೂ ಅಲ್ಲಿಯೇ ಇದೆ. ಹದಿನಾರು ಚುಕ್ಕಿ, ಒಂಬತ್ತು ಮನೆಗಳ ಹಲಗೆಯನ್ನು ತೆಗೆದುಕೊಳ್ಳೋಣ. ಆಟ ಸಾಗುತ್ತ ಮನೆಗಳು ಒಂದಕ್ಕೊಂದು ಬಾಗಿಲು ತೆರೆದ ಓಣಿಗಳಂತಾಗುತ್ತವೆ. ಇವನ್ನು ಸರಪಳಿ ಎನ್ನೋಣ. ಕೊನೆಗೆ ನಾಲ್ಕು ಮನೆಗಳದೊಂದು, ಐದು ಮನೆಗಳದೊಂದು, ಹೀಗೆ ಎರಡೇ ಸರಪಳಿಗಳು ಉಳಿದಿವೆ ಎನ್ನಿ. ಸರದಿ ಎದುರಾಳಿಯದು. ಅವನು ವಿಧಿಯಿಲ್ಲದೆ ನಾಲ್ಕರ ಸರಪಳಿಯನ್ನು ತೆರೆಯುತ್ತಾನೆ. ನಾವು ಆಸೆಯಿಂದ ನಾಲ್ಕನ್ನೂ ಮುಚ್ಚಿಕೊಂಡರೆ ಮುಂದಿನ ಗೆರೆಯನ್ನೂ ನಾವೇ ಎಳೆಯಬೇಕು. ಆಗ ಐದರ ಸರಪಳಿ ಅವನ ಪಾಲು. ನಾಲ್ಕಕ್ಕೆ ಐದರಿಂದ ಸೋತೆವು. ಬದಲಿಗೆ ಎರಡನ್ನು ಮಾತ್ರ ತೆಗೆದುಕೊಂಡು, ಉಳಿದೆರಡು ಮನೆಗಳ ಆಚೆಯ ತುದಿಯನ್ನು ಮುಚ್ಚಿಬಿಟ್ಟರೆ? ಅವನು ನಡುವೆ ಒಂದು ಗೆರೆ ಎಳೆದು ಎರಡನ್ನೂ ಪಡೆಯುತ್ತಾನೆ, ಆದರೆ ಮತ್ತೊಂದು ಗೆರೆಯನ್ನು ಐದರ ಸರಪಳಿಯಲ್ಲಿಯೇ ಎಳೆಯಬೇಕಾಗುತ್ತದೆ. ಏಳಕ್ಕೆ ಎರಡರಿಂದ ಗೆಲುವು ನಮ್ಮದು. ಕೈಗೆ ಬಂದ ಎರಡು ಮನೆಗಳನ್ನು ಬಿಡಲು ಮನುಷ್ಯನ ಮನಸ್ಸು ಒಪ್ಪುವುದಿಲ್ಲ. ಯಂತ್ರಕ್ಕೆ ಮನಸ್ಸೇ ಇಲ್ಲವಾದ್ದರಿಂದ ಆ ಕಷ್ಟವೂ ಇಲ್ಲ.

ಈ ತಂತ್ರವನ್ನು ಯಂತ್ರ ಕಂಡುಹಿಡಿಯಲಿಲ್ಲ ಎಂಬುದು ಗಮನಾರ್ಹ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಗಣಿತಜ್ಞ ಎಲ್ವಿನ್ ಬರ್ಲೆಕ್ಯಾಂಪ್ ಅವರು ಇಬ್ಬರು ಸಹಲೇಖಕರೊಡನೆ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದರು. 2000ದಲ್ಲಿ ಈ ಆಟವೊಂದಕ್ಕೇ ಮೀಸಲಾದ ಪುಸ್ತಕವನ್ನೂ ಬರೆದರು. ಯಂತ್ರದ ಬಲ ಬೇರೆ ಬಗೆಯದು. ಇಪ್ಪತ್ತು ಮನೆಗಳ ಹಲಗೆಗೆ 30 ಚುಕ್ಕಿ, 49 ಗೆರೆಗಳು. ಪ್ರತಿ ಗೆರೆಯೂ ಎಳೆದಿರಬಹುದು ಅಥವಾ ಎಳೆಯದಿರಬಹುದು ಎಂದು ಎಣಿಸಿದರೆ ಹಲಗೆಯ ಸ್ಥಿತಿಗಳು ಸುಮಾರು 563 ಲಕ್ಷ ಕೋಟಿ! ಈ ಹಲಗೆಯಲ್ಲಿ ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮಸಮವಾಗಿ ಮುಗಿಯುತ್ತದೆಂದು 2012ರಲ್ಲಿ ಜೋಸೆಫ್ ಬಾರ್ಕರ್ ಮತ್ತು ರಿಚರ್ಡ್ ಕೋರ್ಫ್ ಎಂಬ ಸಂಶೋಧಕರು ಗಣಕಯಂತ್ರದ ನೆರವಿನಿಂದ ಸಾಧಿಸಿ ತೋರಿಸಿದರು.

ಇಷ್ಟು ಬಲಶಾಲಿಯಾದ ಯಂತ್ರ ಮಗುವಿಗೆ ಒಳ್ಳೆಯ ಎದುರಾಳಿಯೇ ಹೊರತು ಒಳ್ಳೆಯ ಗುರುವಲ್ಲ ಎಂದು ನಮ್ಮ ಅಭಿಪ್ರಾಯ. ಅದು ಸೋಲಿಸುತ್ತದೆ, ಏಕೆ ಸೋತೆವೆಂದು ಹೇಳುವುದಿಲ್ಲ. ಮಗು ಮತ್ತೆ ಆಡುತ್ತದೆ, ಮತ್ತೆ ಸೋಲುತ್ತದೆ, ನಡುನಡುವೆ ಜಾಹೀರಾತುಗಳನ್ನು ನೋಡುತ್ತದೆ; ಸಂಜೆ ಕಳೆದುಹೋಗುತ್ತದೆ. ಫೋನನ್ನು ಕಸಿದುಕೊಂಡರೆ ಅಳುವೇ ಹೊರತು ಕಲಿಕೆಯಿಲ್ಲ. ಸೋತ ಆಟವನ್ನು ಹಾಗೆಯೇ ಪರದೆಯ ಮೇಲಿರಿಸಿ, ಅದನ್ನು ಹಾಳೆಯ ಮೇಲೆ ಬರೆದು, 'ಈ ಗೆರೆಯ ಬದಲು ಆ ಗೆರೆ ಎಳೆದಿದ್ದರೆ?' ಎಂದು ಅಜ್ಜನೋ ಅಕ್ಕನೋ ಕೇಳಿದರೆ ಮಾತು ಬೇರೆಯಾಗುತ್ತದೆ. ಎಷ್ಟೋ ಫೋನ್ ಆಟಗಳಲ್ಲಿ ಯಂತ್ರವನ್ನು ಬದಿಗಿಟ್ಟು ಇಬ್ಬರು ಕೈಬದಲಿಸಿ ಆಡುವ ಅವಕಾಶವೂ ಉಂಟು. ಪ್ರಯಾಣದಲ್ಲಿ ಅದು ಉಪಯುಕ್ತ.

ಹದಿನಾರು ಚುಕ್ಕಿಗಳಿಂದಲೇ ಆರಂಭಿಸಿರಿ. ಮೂರು ಅಥವಾ ಹೆಚ್ಚು ಮನೆಗಳ ಸರಪಳಿಗಳನ್ನು ಮಾತ್ರ ಎಣಿಸಿರಿ. ಮೊದಲ ಗೆರೆ ಎಳೆದವರು ಅವುಗಳ ಸಂಖ್ಯೆ ಸಮವಾಗುವಂತೆ, ಎರಡನೆಯವರು ಬೆಸವಾಗುವಂತೆ ನೋಡಿಕೊಳ್ಳುವುದು ಸಾಮಾನ್ಯವಾಗಿ ಲಾಭಕರ. ಆ ಸಂಖ್ಯೆಯನ್ನು ಬದಲಿಸಲು ಎದುರಾಳಿಯೂ ಹೊಂಚುಹಾಕುತ್ತಿರುತ್ತಾನಾದ್ದರಿಂದ, ಆಟದ ನಡುಭಾಗದಲ್ಲಿಯೇ ಎಣಿಕೆ ತೊಡಗಬೇಕು.